ಮಕ್ಕಳ ರಕ್ಷಣೆ, ಬಾಲನ್ಯಾಯ ಮತ್ತು ಗಡಿನಾಡಿನ ಕನ್ನಡ ಅಧ್ಯಾಪಕರು

ದೌರ್ಜನ್ಯಕ್ಕೆ ಒಳಗಾದ ಮಗು ಮತ್ತು ತಪ್ಪು ಮಾಡಿ ಪೊಲೀಸರ ಕೈಗೆ ಸಿಕ್ಕ ಮಗು, ಇವರಿಬ್ಬರನ್ನೂ ಸಮಾಜವು ಬೇರೆ ಬೇರೆ ಕಣ್ಣುಗಳಿಂದ ನೋಡುತ್ತದೆ. ಒಬ್ಬರ ಮೇಲೆ ಕನಿಕರ, ಇನ್ನೊಬ್ಬರ ಮೇಲೆ ಸಿಟ್ಟು. ಶಾಲೆಯ ಹಾಜರಿ ಪುಸ್ತಕದಲ್ಲಾದರೋ ಇಬ್ಬರ ಹೆಸರೂ ಒಂದೇ ಪುಟದಲ್ಲಿರುತ್ತದೆ. ಕೆಲವೊಮ್ಮೆ ಅದು ಒಂದೇ ಮಗುವಿನ ಹೆಸರೂ ಆಗಿರುತ್ತದೆ. ಮನೆಯಲ್ಲಿ ಬಡಿತ ತಿಂದು ಓಡಿಹೋದ ಹುಡುಗನು ಬಸ್ ನಿಲ್ದಾಣದಲ್ಲಿ ಕಳವಿಗೆ ಸಿಕ್ಕಿಬೀಳುವುದೂ, ಯಾರಿಗೂ ಹೇಳಲಾಗದ ಹಿಂಸೆಯನ್ನು ನುಂಗಿಕೊಂಡವನು ತನಗಿಂತ ಸಣ್ಣವರ ಮೇಲೆ ಕೈಮಾಡುವುದೂ ಬಾಲನ್ಯಾಯ ಕ್ಷೇತ್ರದಲ್ಲಿ ದುಡಿಯುವವರಿಗೆ ಹೊಸ ಸಂಗತಿಗಳಲ್ಲ. ಆದುದರಿಂದ ಈ ಎರಡು ವಿಷಯಗಳನ್ನು ಒಟ್ಟಾಗಿಯೇ ತಿಳಿಯುವುದು ಯುಕ್ತ.

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಇದಕ್ಕೆ ಇನ್ನೊಂದು ಮುಖವೂ ಉಂಟು. ಇಲ್ಲಿ ಮಗು ತನ್ನ ನೋವನ್ನು ಹೇಳಿಕೊಳ್ಳುವ ಭಾಷೆ ಒಂದು; ಠಾಣೆ, ಆಸ್ಪತ್ರೆ, ನ್ಯಾಯಾಲಯಗಳಲ್ಲಿ ಅದು ದಾಖಲಾಗುವ ಭಾಷೆ ಇನ್ನೊಂದು. ಮಂಜೇಶ್ವರದ ಮಗುವಿನ ಮಾತು ಮಲಯಾಳದಲ್ಲಿ, ತಾಳವಾಡಿಯ ಮಗುವಿನ ಮಾತು ತಮಿಳಿನಲ್ಲಿ, ಜತ್ತ ಅಥವಾ ಅಕ್ಕಲಕೋಟೆಯ ಮಗುವಿನ ಮಾತು ಮರಾಠಿಯಲ್ಲಿ, ಆದವಾನಿಯ ಮಗುವಿನ ಮಾತು ತೆಲುಗಿನಲ್ಲಿ ಬರೆಯಲ್ಪಡುವ ಸಂಭವವೇ ಹೆಚ್ಚು. ಈ ದಾಟುವಿಕೆಯಲ್ಲಿ ಒಂದು ಪದ ಜಾರಿದರೆ ಪ್ರಕರಣವೇ ಜಾರಬಹುದು. ಕಾನೂನು ಇದಕ್ಕೆ ಪರಿಹಾರವನ್ನು ಒದಗಿಸಿದೆ. ಆದರೆ ಆ ಪರಿಹಾರವನ್ನು ಕೇಳಿ ಪಡೆಯಲು ಅದು ಇರುವುದು ಮೊದಲು ಗೊತ್ತಿರಬೇಕು.

ಕಾನೂನು ನಡೆದು ಬಂದ ದಾರಿ

ಭಾರತದಲ್ಲಿ ಮಕ್ಕಳ ಅಪರಾಧವನ್ನು ಪ್ರತ್ಯೇಕವಾಗಿ ಕಂಡ ಮೊದಲ ಶಾಸನ 1850ರ ಅಪ್ರೆಂಟಿಸ್ ಕಾಯ್ದೆ. ಸಣ್ಣಪುಟ್ಟ ತಪ್ಪು ಮಾಡಿದ ಮಕ್ಕಳನ್ನು ಸೆರೆಮನೆಗೆ ಕಳುಹಿಸುವ ಬದಲು ಒಂದು ಕಸುಬಿಗೆ ಹಚ್ಚುವುದು ಅದರ ಆಶಯವಾಗಿತ್ತು. 1919-20ರ ಭಾರತೀಯ ಸೆರೆಮನೆಗಳ ಸಮಿತಿಯು ಮಕ್ಕಳಿಗೆ ಬೇರೆಯೇ ನ್ಯಾಯಾಲಯಗಳೂ ವಾಸದ ವ್ಯವಸ್ಥೆಯೂ ಬೇಕೆಂದು ಹೇಳಿದ ಬಳಿಕ ಪ್ರಾಂತಗಳು ಮಕ್ಕಳ ಕಾಯ್ದೆಗಳನ್ನು ರಚಿಸಿದವು. ಅವುಗಳಲ್ಲಿ ಮೊದಲನೆಯದು 1920ರ ಮದ್ರಾಸ್ ಮಕ್ಕಳ ಕಾಯ್ದೆ. 1922ರಲ್ಲಿ ಬಂಗಾಳದ್ದೂ 1924ರಲ್ಲಿ ಮುಂಬಯಿಯದ್ದೂ ಬಂದವು. ಇಂದಿನ ಗಡಿನಾಡಿನ ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದವಾನಿ, ರಾಯದುರ್ಗ, ಮಡಕಶಿರಾ ಪ್ರದೇಶಗಳು ಆಗ ಮದ್ರಾಸ್ ಪ್ರಾಂತದಲ್ಲಿದ್ದವು. ಸೊಲ್ಲಾಪುರವು ಮುಂಬಯಿ ಪ್ರಾಂತದಲ್ಲಿತ್ತು. ಹೀಗೆ ಒಂದೇ ಭಾಷೆಯಾಡುವ ಮಕ್ಕಳಿಗೆ ಆಳ್ವಿಕೆಯ ಗೆರೆಯನ್ನನುಸರಿಸಿ ಬೇರೆ ಬೇರೆ ಕಾನೂನುಗಳು ಅನ್ವಯಿಸುತ್ತಿದ್ದವು.

ಸ್ವಾತಂತ್ರ್ಯಾನಂತರವೂ ಈ ವ್ಯತ್ಯಾಸ ಬಹುಕಾಲ ಉಳಿಯಿತು. ಶೀಲಾ ಬರ್ಸೆ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆರೆಮನೆಗಳಲ್ಲಿ ಮಕ್ಕಳನ್ನು ಇಡುವುದನ್ನು ಖಂಡಿಸಿ, ದೇಶಕ್ಕೆಲ್ಲ ಏಕರೂಪದ ಶಾಸನ ಬೇಕೆಂದಿತು. ಅದೇ 1986ರಲ್ಲಿ ಬಾಲನ್ಯಾಯ ಕಾಯ್ದೆ ರೂಪುಗೊಂಡಿತು. ಅದರಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ವರ್ಷಗಳ ಮಿತಿ ಇತ್ತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರಲ್ಲಿ ಸೇರಿದ ಮೇಲೆ, 2000ದ ಕಾಯ್ದೆಯು ಇಬ್ಬರಿಗೂ 18 ವರ್ಷವೆಂದು ನಿಗದಿಪಡಿಸಿತು.

2012ರ ಡಿಸೆಂಬರಿನ ದೆಹಲಿಯ ಘೋರ ಪ್ರಕರಣದಲ್ಲಿ ಆರೋಪಿಗಳ ಪೈಕಿ ಒಬ್ಬನು 18 ತುಂಬದವನಾಗಿದ್ದನು. ಅವನಿಗೆ ಗರಿಷ್ಠ ಮೂರು ವರ್ಷಗಳ ವಾಸವಷ್ಟೇ ಸಾಧ್ಯವಾದುದು ಜನರ ಆಕ್ರೋಶಕ್ಕೆ ಕಾರಣವಾಯಿತು. ಆಗ ನೇಮಕಗೊಂಡ ನ್ಯಾಯಮೂರ್ತಿ ವರ್ಮಾ ಸಮಿತಿಯು ವಯೋಮಿತಿಯನ್ನು 16ಕ್ಕೆ ಇಳಿಸಲು ಒಪ್ಪಲಿಲ್ಲ. 2013ರಲ್ಲಿ ಸಲೀಲ್ ಬಾಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ 18ರ ಮಿತಿಯನ್ನು ಎತ್ತಿಹಿಡಿಯಿತು. ಆದರೂ 2015ರಲ್ಲಿ ಸಂಸತ್ತು ಹೊಸ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯನ್ನು ಅಂಗೀಕರಿಸಿ, 16ರಿಂದ 18ರ ನಡುವಿನವರು ಘೋರ ಅಪರಾಧ ಎಸಗಿದ್ದರೆ ವಯಸ್ಕರಂತೆ ವಿಚಾರಿಸಲು ಒಂದು ಬಾಗಿಲು ತೆರೆಯಿತು. ಇದು 2016ರ ಜನವರಿ 15ರಿಂದ ಜಾರಿಯಲ್ಲಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯು ಇದಕ್ಕೂ ಮೊದಲು, 2012ರ ನವೆಂಬರ್ 14ರಂದು, ಜಾರಿಗೆ ಬಂದಿತ್ತು. ಗಡಿಯ ಯಾವ ಬದಿಯಲ್ಲಿದ್ದರೂ ಇಂದು ಈ ಎರಡು ಕೇಂದ್ರ ಕಾಯ್ದೆಗಳೇ ಅನ್ವಯಿಸುತ್ತವೆ.

ಮೌನದ ಅಳತೆ

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಶೇಕಡಾ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಎದುರಿಸಿದುದಾಗಿ ಹೇಳಿದರು. ಹೀಗೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು. ಹಿಂಸೆ ಕೊಟ್ಟವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು ಅಥವಾ ಮಗು ನಂಬಿದವರು. ಬಹುತೇಕ ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಈ ಅಂಕಿಗಳಿಂದ ಅಧ್ಯಾಪಕರು ಎರಡು ಸಂಗತಿಗಳನ್ನು ಗ್ರಹಿಸಬೇಕು. ಒಂದು, ಅಪರಿಚಿತರಿಂದ ಮಾತ್ರ ಎಚ್ಚರವಾಗಿರಬೇಕೆಂಬ ಪಾಠವು ಅರ್ಧ ಸತ್ಯ. ಎರಡು, ಗಂಡುಮಕ್ಕಳಿಗೆ ಹೀಗಾಗುವುದಿಲ್ಲವೆಂಬ ನಂಬಿಕೆ ಸುಳ್ಳು. ಪೋಕ್ಸೊ ಕಾಯ್ದೆಯು 18 ತುಂಬದ ಎಲ್ಲರನ್ನೂ, ಹೆಣ್ಣು ಗಂಡೆಂಬ ಭೇದವಿಲ್ಲದೆ, ಮಗುವೆಂದೇ ಪರಿಗಣಿಸುತ್ತದೆ. ರಕ್ತಸಂಬಂಧಿ, ದತ್ತು ಅಥವಾ ವಿವಾಹದಿಂದಾದ ಸಂಬಂಧಿ, ಒಂದೇ ಮನೆಯಲ್ಲಿ ವಾಸಿಸುವವನು, ಶಿಕ್ಷಣ ಸಂಸ್ಥೆಯ ಆಡಳಿತದವನು ಅಥವಾ ಸಿಬ್ಬಂದಿ ಈ ಅಪರಾಧ ಎಸಗಿದರೆ ಅದನ್ನು ಉಗ್ರ ಸ್ವರೂಪದ್ದೆಂದು ಗಣಿಸಿ ಹೆಚ್ಚಿನ ಶಿಕ್ಷೆ ವಿಧಿಸಲಾಗುತ್ತದೆ. ನಂಬಿಕೆಯನ್ನು ಮುರಿದುದೇ ಅಲ್ಲಿ ಅಪರಾಧದ ತೂಕವನ್ನು ಹೆಚ್ಚಿಸುತ್ತದೆ.

ತಿಳಿಸುವ ಹೊಣೆ

ಪೋಕ್ಸೊ ಕಾಯ್ದೆಯ 19ನೇ ಕಲಮು ಅಧ್ಯಾಪಕರು ಕಂಠಪಾಠ ಮಾಡಬೇಕಾದಂತಹುದು. ಅಪರಾಧ ನಡೆದಿದೆಯೆಂದು ತಿಳಿದ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆದರೂ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಎಸಗಿದ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ ಉಂಟು. ಹೇಳದೆ ಉಳಿದ ಮಗುವಿಗೆ ಮಾತ್ರ ಈ ಶಿಕ್ಷೆ ಇಲ್ಲ. ಇನ್ನೊಂದು ಕಡೆ, ಸದ್ಭಾವನೆಯಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲವೆಂದು ಅದೇ 19ನೇ ಕಲಮು ಅಭಯ ಕೊಡುತ್ತದೆ.

ಮಹಾರಾಷ್ಟ್ರದ ಒಂದು ಶಾಲಾ ವಸತಿನಿಲಯದ ಬಾಲಕಿಯರ ಮೇಲಿನ ದೌರ್ಜನ್ಯದ ಪ್ರಕರಣದಲ್ಲಿ, ವಿಷಯ ತಿಳಿದೂ ಪೊಲೀಸರಿಗೆ ತಿಳಿಸಲಿಲ್ಲವೆಂಬ ಆರೋಪ ಹೊತ್ತ ವೈದ್ಯರ ವಿರುದ್ಧದ ಮೊಕದ್ದಮೆಯನ್ನು ಉಚ್ಚ ನ್ಯಾಯಾಲಯ ರದ್ದುಪಡಿಸಿತ್ತು. 2022ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ತಳ್ಳಿಹಾಕಿ, ತಿಳಿದೂ ತಿಳಿಸದಿರುವುದು ಗಂಭೀರ ಅಪರಾಧವೆಂದು ಸ್ಪಷ್ಟಪಡಿಸಿತು. ತಡವಾಗಿ ತಿಳಿಸಿದರೆ ಸಾಕ್ಷ್ಯ ನಾಶವಾಗುತ್ತದೆ, ತಪ್ಪಿತಸ್ಥನಿಗೆ ರಕ್ಷಣೆ ಸಿಗುತ್ತದೆ ಎಂಬುದು ಅದರ ಹಿಂದಿನ ತರ್ಕ.

ಇಷ್ಟಾಗಿಯೂ ಶಾಲೆಗಳು ಹಿಂಜರಿಯುವುದೇಕೆ? ಮೊದಲನೆಯದು ಊರಿನ ಒತ್ತಡ. ಹಿರಿಯರು ಕುಳಿತು ರಾಜಿ ಮಾಡಿಸುವ ಪದ್ಧತಿ ಇನ್ನೂ ಅಳಿದಿಲ್ಲ. ಎರಡನೆಯದು ಶಾಲೆಯ ಹೆಸರಿನ ಚಿಂತೆ. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವ ಕನ್ನಡ ಮಾಧ್ಯಮದ ಶಾಲೆಗಳಲ್ಲಿ, ಒಂದು ಅಪವಾದ ಬಂದರೆ ಉಳಿದ ಮಕ್ಕಳೂ ಬೇರೆ ಮಾಧ್ಯಮಕ್ಕೆ ಹೋಗಿಬಿಟ್ಟಾರೆಂಬ ಭಯ ನಿಜವಾದುದೇ. ಆದರೆ ಶಾಲೆಯನ್ನು ಉಳಿಸುವುದಕ್ಕಾಗಿ ಮಗುವನ್ನು ಬಲಿಗೊಡುವ ಲೆಕ್ಕವನ್ನು ಕಾನೂನು ಒಪ್ಪುವುದಿಲ್ಲ. ಪಾಲಕರೂ ಕೊನೆಗೆ ಒಪ್ಪುವುದಿಲ್ಲ. ಮುಚ್ಚಿಟ್ಟ ಪ್ರಕರಣವು ಬಯಲಾದಾಗ ಶಾಲೆಯ ಮೇಲಿನ ನಂಬಿಕೆ ಹೋಗುವಷ್ಟು ಬೇಗ, ಧೈರ್ಯದಿಂದ ತಿಳಿಸಿದ ಪ್ರಕರಣದಿಂದ ಹೋಗುವುದಿಲ್ಲ. ಮೂರನೆಯದು, ಇದು ನಿಜವೋ ಸುಳ್ಳೋ ಎಂದು ಮೊದಲು ತಾವೇ ವಿಚಾರಿಸಬೇಕೆಂಬ ತಪ್ಪು ತಿಳಿವಳಿಕೆ. ಸತ್ಯಾಸತ್ಯವನ್ನು ನಿರ್ಣಯಿಸುವುದು ಶಾಲೆಯ ಕೆಲಸವಲ್ಲ. ತಿಳಿಸುವುದಷ್ಟೇ ಅದರ ಕೆಲಸ.

ಮಗು ಮಾತಾಡಿದಾಗ

ಮಗು ತನ್ನ ನೋವನ್ನು ಹೇಳಿಕೊಳ್ಳಲು ಬಂದಾಗ ಅಧ್ಯಾಪಕರ ಮೊದಲ ಹತ್ತು ನಿಮಿಷಗಳ ನಡವಳಿಕೆಯು ಮುಂದಿನ ಎಲ್ಲವನ್ನೂ ಪ್ರಭಾವಿಸುತ್ತದೆ. ಆಗ ಪಾಲಿಸಬೇಕಾದ ಕ್ರಮಗಳು ಹೀಗಿವೆ.

ಮಗುವಿಗೆ ಅಡ್ಡಮಾತಾಡದೆ ಕೇಳಬೇಕು. ಗಾಬರಿಯನ್ನಾಗಲಿ ಅಸಹ್ಯವನ್ನಾಗಲಿ ಮುಖದಲ್ಲಿ ತೋರಿಸಬಾರದು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು. ಆ ಮಾತನ್ನು ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ತಪ್ಪು ಮಗುವಿನದಲ್ಲವೆಂದು ಸ್ಪಷ್ಟವಾಗಿ ಹೇಳಬೇಕು.

ಉತ್ತರವನ್ನು ಬಾಯಿಗಿಡುವ ಪ್ರಶ್ನೆಗಳನ್ನು ಕೇಳಬಾರದು. "ಅವರು ಇಲ್ಲಿ ಮುಟ್ಟಿದರೇ?" ಎಂಬುದು ಉತ್ತರವನ್ನು ಬಾಯಿಗಿಡುವ ಪ್ರಶ್ನೆ; "ಆಮೇಲೆ ಏನಾಯಿತು?" ಎಂಬುದು ತೆರೆದ ಪ್ರಶ್ನೆ. ಒಬ್ಬ ಅಧ್ಯಾಪಕರ ಮುಂದೆ ಹೇಳಿದುದನ್ನು ಮುಖ್ಯೋಪಾಧ್ಯಾಯರ ಮುಂದೆ, ಆಮೇಲೆ ಆಡಳಿತ ಮಂಡಳಿಯ ಮುಂದೆ ಮತ್ತೆ ಮತ್ತೆ ಹೇಳಿಸಬಾರದು. ಪ್ರತಿ ಸಲ ಹೇಳುವಾಗಲೂ ಮಗು ನೋಯುತ್ತದೆ. ಹೇಳಿಕೆಗಳಲ್ಲಿ ಸಣ್ಣ ವ್ಯತ್ಯಾಸಗಳು ನುಸುಳಿ ಮುಂದೆ ಪಾಟೀಸವಾಲಿಗೆ ಆಹಾರವಾಗುತ್ತವೆ.

ಆರೋಪ ಹೊತ್ತವರನ್ನು ಕರೆಸಿ ಎದುರುಬದುರು ನಿಲ್ಲಿಸಬಾರದು. ಆರೋಪವು ಮನೆಯವರ ಮೇಲೆಯೇ ಇದ್ದಾಗ ಮೊದಲು ಮನೆಗೆ ಸುದ್ದಿ ಕಳುಹಿಸುವುದು ಮಗುವನ್ನು ಮತ್ತಷ್ಟು ಅಪಾಯಕ್ಕೆ ತಳ್ಳೀತು. ಮಗು ಹೇಳಿದುದನ್ನು ಅದರದೇ ಪದಗಳಲ್ಲಿ, ಅದು ಆಡಿದ ಭಾಷೆಯಲ್ಲಿಯೇ, ದಿನಾಂಕ ಮತ್ತು ಸಮಯ ಸಹಿತ ಬರೆದಿಡಬೇಕು. ಅನಂತರ ತಡವಿಲ್ಲದೆ ಪೊಲೀಸರಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಂಖ್ಯೆ 112 ಇವೆರಡೂ ನೆರವಿಗೆ ಇವೆ. ಮಗುವಿನ ಹೆಸರು, ವಿಳಾಸ, ಭಾವಚಿತ್ರ, ಮನೆತನ, ಶಾಲೆ, ನೆರೆಹೊರೆ ಇವು ಯಾವುವೂ ಬಯಲಾಗಬಾರದು. ಅಧ್ಯಾಪಕರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಒಂದು ಸಾಲು ಕೂಡ ಮಗುವಿನ ಗುರುತನ್ನು ಊರಿಗೆ ಹಂಚಬಲ್ಲದು.

ಘಟನೆಯು ಗಡಿಯ ಆಚೆ ನಡೆದಿದ್ದರೆ ಏನು ಮಾಡಬೇಕೆಂಬುದು ಈ ಪ್ರದೇಶಗಳಲ್ಲಿ ಆಗಾಗ ಏಳುವ ಸಂದೇಹ. ಮಂಜೇಶ್ವರದ ಮಗು ಮಂಗಳೂರಿಗೆ, ತಾಳವಾಡಿಯ ಮಗು ಚಾಮರಾಜನಗರಕ್ಕೆ, ಜತ್ತದ ಮಗು ವಿಜಯಪುರಕ್ಕೆ ಹೋಗಿಬರುವುದು ಸಾಮಾನ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ಇದು ನಮ್ಮ ಸರಹದ್ದಿಗೆ ಬರುವುದಿಲ್ಲವೆಂದು ಠಾಣೆಯು ತಿರುಗಿಸಿ ಕಳುಹಿಸುವಂತಿಲ್ಲ.

ಹೇಳಿಕೆಯ ಭಾಷೆ

ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದ ಮಹಿಳಾ ಅಧಿಕಾರಿಯು, ಸಮವಸ್ತ್ರವಿಲ್ಲದೆ, ತಂದೆತಾಯಿಯರು ಅಥವಾ ಮಗು ನಂಬುವ ವ್ಯಕ್ತಿಯ ಸಮ್ಮುಖದಲ್ಲಿ ದಾಖಲಿಸಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪೊಲೀಸರು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ನ್ಯಾಯಾಲಯದಲ್ಲಿ ಆರೋಪಿಯು ಮಗುವಿನ ಕಣ್ಣಿಗೆ ಬೀಳಬಾರದು. ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವನ್ನು ತಲುಪಬೇಕು. ವಿಚಾರಣೆಯು ಮುಚ್ಚಿದ ಕೋಣೆಯಲ್ಲಿ ನಡೆಯಬೇಕು. ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ಮುಗಿಯಬೇಕು.

ಗಡಿನಾಡಿನ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದುದು ಭಾಷೆಯ ಹಕ್ಕು. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಮಾಹಿತಿ ದಾಖಲಾಗುತ್ತಿದ್ದರೆ ಅನುವಾದಕರನ್ನು ಅಥವಾ ದುಭಾಷಿಯನ್ನು ಒದಗಿಸಬೇಕೆಂದು 19ನೇ ಕಲಮಿನ ನಾಲ್ಕನೆಯ ಉಪಕಲಮು ಹೇಳುತ್ತದೆ. ಹೇಳಿಕೆ ಪಡೆಯುವಾಗ 26ನೇ ಕಲಮೂ, ನ್ಯಾಯಾಲಯದಲ್ಲಿ ಸಾಕ್ಷ್ಯ ಪಡೆಯುವಾಗ 38ನೇ ಕಲಮೂ ಇದೇ ನೆರವಿಗೆ ಅವಕಾಶ ಕೊಡುತ್ತವೆ. ಬಾಲನ್ಯಾಯ ಕಾಯ್ದೆಯ 8ನೇ ಕಲಮು ತಪ್ಪು ಮಾಡಿದನೆನ್ನಲಾದ ಮಗುವಿಗೂ ಇದೇ ಸೌಲಭ್ಯವನ್ನು ಖಾತರಿಪಡಿಸುತ್ತದೆ.

ದುಭಾಷಿ ಏಕೆ ಬೇಕು, ಮಗುವಿಗೆ ರಾಜ್ಯಭಾಷೆ ಅಷ್ಟಿಷ್ಟು ಬರುತ್ತದಲ್ಲ ಎಂದು ಅಧಿಕಾರಿಗಳು ಕೇಳಬಹುದು. ಉತ್ತರಕ್ಕೆ ಕೆಲವು ಸಾಮಾನ್ಯ ಪದಗಳೇ ಸಾಕು. ಕಾಸರಗೋಡಿನ ಕನ್ನಡದಲ್ಲಿ "ಉಪದ್ರ" ಎಂಬುದು ಸೊಳ್ಳೆಯ ಕಾಟದಿಂದ ಹಿಡಿದು ಸಹಪಾಠಿಯ ಕೀಟಲೆಯವರೆಗೆ ಎಲ್ಲದಕ್ಕೂ ಸಲ್ಲುವ ಮಾತು. ಮಲಯಾಳದಲ್ಲಿ ಅದೇ ಮೂಲದ ಪದವು ಹೊಡೆತಕ್ಕೂ ಲೈಂಗಿಕ ಹಿಂಸೆಗೂ ಬಳಕೆಯಾಗುತ್ತದೆ. ಮಗು ಹಗುರಾಗಿ ಆಡಿದುದು ಭಾರವಾಗಿಯೂ ಕೇಳಿಸಬಹುದು. ಸಂಕೋಚದಿಂದ ಭಾರವಾದುದನ್ನೇ ಆ ಪದದಲ್ಲಿ ಮುಚ್ಚಿ ಹೇಳಿದ್ದರೆ ಅದು ಬರಿಯ ಕೀಟಲೆಯಾಗಿಯೂ ದಾಖಲಾಗಬಹುದು. "ಮೊನ್ನೆ" ಎಂದರೆ ನಿಘಂಟಿನಲ್ಲಿ ನಿನ್ನೆಯ ಹಿಂದಿನ ದಿನ; ಮಾತಿನಲ್ಲಿ ಅದು ಹದಿನೈದು ದಿನಗಳ ಹಿಂದೆಯೂ ಆಗಬಹುದು. ಅನುವಾದಕರು ಅದನ್ನು ಖಚಿತ ದಿನಾಂಕವಾಗಿ ಬರೆದುಬಿಟ್ಟರೆ, ಆ ದಿನ ಆರೋಪಿಯು ಊರಲ್ಲೇ ಇರಲಿಲ್ಲವೆಂಬ ವಾದದಿಂದ ಮಗು ಸುಳ್ಳುಗಾರ ಆಗಿಬಿಡುತ್ತದೆ. "ಮಾವ" ಎಂದರೆ ಕನ್ನಡದ ಮಗುವಿಗೆ ಸೋದರಮಾವ, ಅತ್ತೆಯ ಗಂಡ, ಕೆಲವೊಮ್ಮೆ ನೆರೆಮನೆಯ ಹಿರಿಯ ಕೂಡ. ಮರಾಠಿಯ "ಮಾಮಾ" ಎಂದು ಬರೆದ ಕೂಡಲೇ ಅದು ತಾಯಿಯ ಸೋದರನಾಗುತ್ತದೆ. ಸಂಬಂಧಿಯೋ ಅಲ್ಲವೋ ಎಂಬುದರ ಮೇಲೆ ಅಪರಾಧದ ವರ್ಗವೂ ಶಿಕ್ಷೆಯೂ ನಿಂತಿರುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಬಡಗ ಅಥವಾ ಲಂಬಾಣಿ ಮಾತಾಡುವ ಮಗು ಕನ್ನಡ ಶಾಲೆಯಲ್ಲಿ ಓದುತ್ತಿರಬಹುದು. ಆಗ ಕನ್ನಡವೂ ಅದಕ್ಕೆ ನೋವಿನ ಭಾಷೆಯಾಗಿರಲಾರದು. ಮಗು ಯಾವ ಭಾಷೆಯಲ್ಲಿ ಸಲೀಸಾಗಿ ಮಾತಾಡುತ್ತದೆ ಎಂಬುದನ್ನು ಅಧಿಕಾರಿಗಳಿಗೆ ಮೊದಲೇ ತಿಳಿಸುವುದು ಅಧ್ಯಾಪಕರಿಂದಾಗಬಹುದಾದ ದೊಡ್ಡ ಉಪಕಾರ.

ದುಭಾಷಿಗಳ ಪಟ್ಟಿ

2020ರ ಪೋಕ್ಸೊ ನಿಯಮಗಳ 5ನೇ ನಿಯಮದಂತೆ, ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕವು ದುಭಾಷಿಗಳು, ಅನುವಾದಕರು, ವಿಶೇಷ ಶಿಕ್ಷಕರು, ಪರಿಣತರು ಮತ್ತು ಬೆಂಬಲ ವ್ಯಕ್ತಿಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಪೊಲೀಸರಿಗೂ ನ್ಯಾಯಾಲಯಕ್ಕೂ ಒದಗಿಸಬೇಕು. ದುಭಾಷಿಗೆ ಮಗುವಿನ ಭಾಷೆಯಲ್ಲಿಯೂ ರಾಜ್ಯದ ಅಧಿಕೃತ ಭಾಷೆಯಲ್ಲಿಯೂ ವ್ಯವಹಾರಜ್ಞಾನವಿರಬೇಕು. ಆ ಜ್ಞಾನವು ಮಾತೃಭಾಷೆಯಾಗಿ, ಅಥವಾ ಕನಿಷ್ಠ ಪ್ರಾಥಮಿಕ ಹಂತದವರೆಗಿನ ಶಿಕ್ಷಣ ಮಾಧ್ಯಮವಾಗಿ, ಅಥವಾ ವೃತ್ತಿಯಿಂದ, ಅಥವಾ ಆ ಭಾಷೆಯಾಡುವ ಪ್ರದೇಶದ ವಾಸದಿಂದ ಬಂದಿರಬಹುದು. ಕೆಲಸಕ್ಕೆ ಸಂಭಾವನೆಯೂ ಉಂಟು.

ಗಡಿನಾಡಿನ ಕನ್ನಡ ಅಧ್ಯಾಪಕರಲ್ಲಿ ಬಹುತೇಕರು ಈ ಅರ್ಹತೆಯನ್ನು ಹುಟ್ಟಿನಿಂದಲೂ ವೃತ್ತಿಯಿಂದಲೂ ಪಡೆದವರೇ. ಜಿಲ್ಲೆಯ ಪಟ್ಟಿಯಲ್ಲಿ ಕನ್ನಡ ಬಲ್ಲವರ ಹೆಸರಿಲ್ಲದಿದ್ದರೆ, ತುರ್ತಿನಲ್ಲಿ ಠಾಣೆಯ ಬದಿಯ ಅಂಗಡಿಯವರೋ ಆರೋಪಿಯ ಪರಿಚಿತರೋ ದುಭಾಷಿಗಳಾಗುವ ಅಪಾಯವಿರುತ್ತದೆ. ಆದುದರಿಂದ ಆಸಕ್ತರು ಘಟಕವನ್ನು ಸಂಪರ್ಕಿಸಿ ಹೆಸರು ನೋಂದಾಯಿಸಿಕೊಳ್ಳುವುದು ಒಳ್ಳೆಯದು. ಒಂದು ಎಚ್ಚರಿಕೆ ಅಗತ್ಯ: ದುಭಾಷಿಯು ನಿಷ್ಪಕ್ಷಪಾತಿಯಾಗಿರಬೇಕು, ಕೂಡಿಸದೆ ಕಳೆಯದೆ ಅನುವಾದಿಸಬೇಕು, ಗೌಪ್ಯವನ್ನು ಕಾಪಾಡಬೇಕು, ಪ್ರಕರಣದಲ್ಲಿ ತನಗೆ ಸಂಬಂಧವಿದ್ದರೆ ಮೊದಲೇ ತಿಳಿಸಬೇಕು. ಮಾಹಿತಿ ಕೊಟ್ಟ ಅಧ್ಯಾಪಕರು ಮುಂದೆ ಸಾಕ್ಷಿಯಾಗಬಹುದಾದುದರಿಂದ, ಅದೇ ಪ್ರಕರಣದಲ್ಲಿ ಅವರು ದುಭಾಷಿಯಾಗುವುದು ಉಚಿತವಲ್ಲ. ನೆರೆಯ ಶಾಲೆಯವರು ಆ ಕೆಲಸಕ್ಕೆ ಬೇಕಾಗುತ್ತಾರೆ.

ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು

ಬಾಲನ್ಯಾಯ ಕಾಯ್ದೆಯು "ಬಾಲಾಪರಾಧಿ" ಎಂಬ ಪದವನ್ನು ಬಳಸುವುದಿಲ್ಲ. "ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು" ಎನ್ನುತ್ತದೆ. ಇದು ಬರಿಯ ಸೌಜನ್ಯದ ಮಾತಲ್ಲ. 18 ತುಂಬುವವರೆಗೂ ಮಗುವಿನಲ್ಲಿ ದುರುದ್ದೇಶವಿಲ್ಲವೆಂದು ಭಾವಿಸಬೇಕೆಂಬುದು ಕಾಯ್ದೆಯ ಮೂಲತತ್ತ್ವಗಳಲ್ಲಿ ಒಂದು. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ 7 ವರ್ಷ ತುಂಬದ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ. 7ರಿಂದ 12ರೊಳಗಿನ ಮಗುವಿಗೆ ತನ್ನ ಕೃತ್ಯದ ಪರಿಣಾಮವನ್ನು ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅದೂ ಅಪರಾಧವಲ್ಲ.

ಇಂತಹ ಮಗುವನ್ನು ಹಿಡಿದಾಗ 24 ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಯಾವ ಸಂದರ್ಭದಲ್ಲಿಯೂ ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡುವಂತಿಲ್ಲ. 2016ರ ಮಾದರಿ ನಿಯಮಗಳು ಕೈಕೋಳ ಹಾಕುವುದನ್ನೂ ನಿಷೇಧಿಸಿವೆ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ. ಈ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಜಾಮೀನು ಕೊಡುವುದೇ ನಿಯಮ, ನಿರಾಕರಿಸುವುದು ಅಪವಾದ. ಬಿಡುಗಡೆಯಾದರೆ ದುಷ್ಟರ ಸಹವಾಸಕ್ಕೆ ಬೀಳುವ ಅಥವಾ ಮಗುವಿಗೇ ಅಪಾಯವಾಗುವ ಸಂಭವವಿದ್ದರೆ, ಇಲ್ಲವೇ ನ್ಯಾಯದ ಉದ್ದೇಶವೇ ವಿಫಲವಾಗುವಂತಿದ್ದರೆ ಮಾತ್ರ ನಿರಾಕರಿಸಬಹುದು. ತಪ್ಪು ಸಾಬೀತಾದಾಗಲೂ ಎಚ್ಚರಿಕೆ, ಆಪ್ತಸಮಾಲೋಚನೆ, ಸಮಾಜಸೇವೆ, ಪರಿವೀಕ್ಷಣೆಯಲ್ಲಿ ಬಿಡುಗಡೆ ಮೊದಲಾದ ದಾರಿಗಳಿವೆ; ವಿಶೇಷ ಗೃಹದಲ್ಲಿ ಗರಿಷ್ಠ ಮೂರು ವರ್ಷಗಳ ವಾಸವು ಅವುಗಳಲ್ಲಿ ಕಟ್ಟಕಡೆಯದು.

16 ತುಂಬಿದ ಮಗು ಕನಿಷ್ಠ ಏಳು ವರ್ಷಗಳ ಶಿಕ್ಷೆಯುಳ್ಳ ಘೋರ ಅಪರಾಧ ಮಾಡಿದೆಯೆಂಬ ಆರೋಪವಿದ್ದರೆ, ಮಂಡಳಿಯು ಮೂರು ತಿಂಗಳೊಳಗೆ ಪ್ರಾಥಮಿಕ ಮೌಲ್ಯಮಾಪನ ನಡೆಸುತ್ತದೆ. ಮಗುವಿನ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮವನ್ನು ತಿಳಿಯುವ ಶಕ್ತಿ, ಕೃತ್ಯ ನಡೆದ ಸಂದರ್ಭ ಇವನ್ನು ಅಳೆದು, ಮಕ್ಕಳ ನ್ಯಾಯಾಲಯಕ್ಕೆ ವರ್ಗಾಯಿಸಬೇಕೇ ಬೇಡವೇ ಎಂದು ನಿರ್ಧರಿಸುತ್ತದೆ. ಈ ಏರ್ಪಾಡಿನ ಬಗೆಗೆ ಇಂದಿಗೂ ಚರ್ಚೆ ನಿಂತಿಲ್ಲ. ತಿಂಗಳುಗಳ ಹಿಂದೆ, ಒಂದು ಆವೇಶದ ಗಳಿಗೆಯಲ್ಲಿ ಹದಿಹರೆಯದವನ ಮನಸ್ಸು ಹೇಗಿತ್ತೆಂದು ಈಗ ಅಳೆಯುವುದು ಸುಲಭವಲ್ಲ. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬರುಣ್ ಚಂದ್ರ ಠಾಕೂರ್ ಪ್ರಕರಣದಲ್ಲಿ, ಇದು ನಾಜೂಕಾದ ಕೆಲಸ, ಮನೋವಿಜ್ಞಾನ ಬಲ್ಲವರ ನೆರವು ಬೇಕು, ಮಾರ್ಗಸೂಚಿಗಳು ರಚನೆಯಾಗಬೇಕು ಎಂದು ಹೇಳಿತು. ತನಗೆ ಪೂರ್ತಿ ಬಾರದ ಭಾಷೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಮೌನವಾಗಿ ಕುಳಿತ ಕನ್ನಡದ ಹುಡುಗನನ್ನು "ಪಶ್ಚಾತ್ತಾಪವಿಲ್ಲದವನು" ಎಂದು ಬರೆದುಬಿಟ್ಟರೆ ಆಗುವ ಅನ್ಯಾಯವನ್ನು ಊಹಿಸಬಹುದು. ಇಲ್ಲಿಯೂ ದುಭಾಷಿಯ ಹಕ್ಕನ್ನು ನೆನಪಿಸುವವರು ಬೇಕು.

ಹದಿಹರೆಯದ ಒಲವಿನ ಪ್ರಕರಣಗಳೂ ಈ ಎರಡು ಕಾಯ್ದೆಗಳ ನಡುವೆ ಸಿಲುಕುತ್ತವೆ. ಹದಿನೇಳರ ಹುಡುಗ ಹುಡುಗಿಯರು ಊರು ಬಿಟ್ಟು ಹೋದರೆ ಹುಡುಗಿಯು ಬಾಧಿತಳೆಂದೂ ಹುಡುಗನು ಆರೋಪಿಯೆಂದೂ ದಾಖಲಾಗಬಹುದು. ಆ ಹುಡುಗನ ವಿಚಾರಣೆಯೂ ಬಾಲನ್ಯಾಯ ಕಾಯ್ದೆಯ ಪ್ರಕಾರವೇ ನಡೆಯಬೇಕು. ಕಾನೂನು ಆಯೋಗವು 2023ರ ತನ್ನ 283ನೇ ವರದಿಯಲ್ಲಿ ಸಮ್ಮತಿಯ ವಯಸ್ಸನ್ನು 18ರಿಂದ ಇಳಿಸಬಾರದೆಂದೂ, 16ರಿಂದ 18ರ ನಡುವಿನವರ ಇಂತಹ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆಯ ಅವಕಾಶವಿರಬೇಕೆಂದೂ ಹೇಳಿತು. ಹತ್ತನೆಯ ತರಗತಿಯ ಮಕ್ಕಳಿಗೆ ಈ ಕಾನೂನಿನ ತಿಳಿವಳಿಕೆಯನ್ನು ಹೆದರಿಕೆಯ ರೂಪದಲ್ಲಲ್ಲದೆ ಮಾಹಿತಿಯ ರೂಪದಲ್ಲಿ ಮೊದಲೇ ಕೊಡಬೇಕಾದುದು ಇದಕ್ಕಾಗಿಯೇ.

ಶಾಲೆಯ ಕೈಯಲ್ಲಿರುವುದು

ಮಗುವಿನ ವಯಸ್ಸಿನ ಬಗೆಗೆ ಸಂಶಯ ಬಂದಾಗ 94ನೇ ಕಲಮಿನಂತೆ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರವನ್ನು ಅಥವಾ ಹತ್ತನೆಯ ತರಗತಿಯ ಪ್ರಮಾಣಪತ್ರವನ್ನು. ಅವು ಇಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪತ್ರ. ಅದೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಒಂದನೆಯ ತರಗತಿಗೆ ಸೇರಿಸುವಾಗ ಅಂದಾಜಿನಿಂದ ಬರೆದ ಜೂನ್ 1 ಎಂಬ ದಿನಾಂಕವು ಹತ್ತು ವರ್ಷಗಳ ಬಳಿಕ ಒಬ್ಬ ಹುಡುಗನು ಮಂಡಳಿಗೆ ಹೋಗುವನೋ ಸೆರೆಮನೆಗೆ ಹೋಗುವನೋ ಎಂಬುದನ್ನು ತೀರ್ಮಾನಿಸಬಹುದು. ದಾಖಲಾತಿ ಪುಸ್ತಕವನ್ನು ಎಚ್ಚರದಿಂದ ತುಂಬುವುದೂ ಮಕ್ಕಳ ರಕ್ಷಣೆಯೇ.

ಪರಿವೀಕ್ಷಣಾಧಿಕಾರಿಯು 15 ದಿನಗಳೊಳಗೆ ಸಲ್ಲಿಸಬೇಕಾದ ಸಾಮಾಜಿಕ ತನಿಖಾ ವರದಿಗಾಗಿ ಶಾಲೆಗೂ ಬರುವುದುಂಟು. ಆಗ "ಹುಡುಗ ತುಂಟ, ಪಾಠದಲ್ಲಿ ಹಿಂದೆ" ಎಂದು ಒಂದು ಸಾಲಿನಲ್ಲಿ ಮುಗಿಸುವುದು ಸುಲಭ. ಹಾಜರಾತಿ ಯಾವಾಗಿನಿಂದ ಇಳಿಯಿತು, ಮನೆಯ ಸ್ಥಿತಿಯೇನು, ಯಾವುದರಲ್ಲಿ ಅವನಿಗೆ ಆಸಕ್ತಿ, ಅವನಿಗೆ ಯಾವ ಭಾಷೆ ಚೆನ್ನಾಗಿ ಬರುತ್ತದೆ ಎಂಬುದನ್ನು ಹೇಳಬಲ್ಲವರು ಬಹುಮಟ್ಟಿಗೆ ಅಧ್ಯಾಪಕರೇ. ನೆರೆರಾಜ್ಯದಲ್ಲಿ ಸಿಕ್ಕ ಮಗುವನ್ನು ವಿಚಾರಣೆಯ ಬಳಿಕ ಅದರ ವಾಸಸ್ಥಳದ ಮಂಡಳಿ ಅಥವಾ ಸಮಿತಿಗೆ ಒಪ್ಪಿಸಲು 95ನೇ ಕಲಮಿನಲ್ಲಿ ಅವಕಾಶವಿದೆ; ಪಾಲಕರಿಗೆ ಇದನ್ನು ತಿಳಿಸಬೇಕು. ಉಚಿತ ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರದಿಂದ ಪಡೆಯಬಹುದು.

ಮಗು ಮರಳಿ ಶಾಲೆಗೆ ಬಂದಾಗ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. 24ನೇ ಕಲಮಿನಂತೆ, ಕಾಯ್ದೆಯ ಪ್ರಕಾರ ವಿಚಾರಣೆಗೊಳಗಾದ ಮಗುವಿಗೆ ಶಿಕ್ಷೆಯಿಂದ ಉಂಟಾಗುವ ಯಾವ ಅನರ್ಹತೆಯೂ ತಟ್ಟಬಾರದು. ವಯಸ್ಕರಂತೆ ವಿಚಾರಣೆಗೊಂಡ ಪ್ರಕರಣಗಳಷ್ಟೇ ಇದಕ್ಕೆ ಅಪವಾದ. ಮುಗಿದ ಪ್ರಕರಣವನ್ನು ಪೊಲೀಸರು ನಡತೆಯ ಪ್ರಮಾಣಪತ್ರಕ್ಕಾಗಿ ಹೊರಗೆಡಹುವಂತಿಲ್ಲವೆಂದು 74ನೇ ಕಲಮು ಹೇಳುತ್ತದೆ. ಪೊಲೀಸರೇ ಹೇಳಬಾರದುದನ್ನು ಶಾಲೆಯು ವರ್ಗಾವಣೆ ಪತ್ರದಲ್ಲಿ ಬರೆಯುವುದು ಸಲ್ಲ. ತರಗತಿಯಲ್ಲಿ ಅಡ್ಡಹೆಸರು ಹುಟ್ಟದಂತೆ ನೋಡಿಕೊಳ್ಳುವುದು, ತಪ್ಪಿದ ಪಾಠಗಳನ್ನು ಹೇಳಿಕೊಡುವುದು, ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆಯೆಂಬುದನ್ನು ಮರೆಯದಿರುವುದು, ಇವು ಯಾವ ಮಂಡಳಿಯ ಆದೇಶಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತವೆ. ಶಾಲೆ ಬಿಟ್ಟ ಮಗುವನ್ನು ಕಾಯುವವರು ಬೇರೆಯೇ ಇರುತ್ತಾರೆ.

ಅಧ್ಯಾಪಕರ ಸಭೆಯಲ್ಲಿ ಚರ್ಚಿಸಲು

1. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ದುಭಾಷಿಗಳ ಪಟ್ಟಿಯಲ್ಲಿ ಕನ್ನಡ ಬಲ್ಲವರು ಎಷ್ಟು ಮಂದಿ ಇದ್ದಾರೆ? ಈ ಶಾಲೆಯಿಂದ ಯಾರು ಹೆಸರು ಕೊಡಬಹುದು?

2. ಸ್ಥಳೀಯ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು? ಅವರ ದೂರವಾಣಿ ಸಂಖ್ಯೆ ಮತ್ತು 1098 ಮಕ್ಕಳ ಕಣ್ಣಿಗೆ ಬೀಳುವಲ್ಲಿ, ಮಕ್ಕಳು ಓದಬಲ್ಲ ಲಿಪಿಯಲ್ಲಿ ಬರೆದಿದೆಯೇ?

3. ನೋವು, ಭಯ, ದೇಹ, ಸಂಬಂಧ, ಕಾಲ ಇವುಗಳ ಬಗೆಗೆ ಈ ಊರಿನ ಮಕ್ಕಳು ಬಳಸುವ ಪದಗಳಲ್ಲಿ, ರಾಜ್ಯಭಾಷೆಗೆ ಹೋದಾಗ ಅರ್ಥ ಬದಲಾಗುವಂತಹವು ಯಾವುವು? ಪಟ್ಟಿ ಮಾಡಿ ಘಟಕಕ್ಕೆ ಕಳುಹಿಸಬಹುದೇ?

4. ಸಹೋದ್ಯೋಗಿಯ ಮೇಲೆಯೇ ಆರೋಪ ಬಂದರೆ, ಯಾರು, ಎಷ್ಟು ಹೊತ್ತಿನೊಳಗೆ, ಯಾರಿಗೆ ತಿಳಿಸಬೇಕು? ಇದಕ್ಕೆ ಲಿಖಿತ ಕ್ರಮವಿದೆಯೇ?

5. ಬಾಲನ್ಯಾಯ ಮಂಡಳಿಯಿಂದ ಮರಳಿದ ಮಗುವಿನ ವಿಷಯವನ್ನು ಶಾಲೆಯಲ್ಲಿ ಯಾರು ಯಾರು ತಿಳಿದಿರಬೇಕು, ಯಾರು ತಿಳಿಯಬೇಕಾಗಿಲ್ಲ?